ಅರ ಹಾಕದ ಅಂಚು

ಸೊರಬದ ಬಸ್‌ಸ್ಟ್ಯಾಂಡಿನಿಂದ ಶಿಕಾರಿಪುರದ ಕಡೆ ಹೊರಟರೆ, ಊರು ಮುಗಿಯುತ್ತಾ ಬಂದಾಗ ಎಡಗಡೆ ಒಂದು ತಗಡಿನ ಶೆಡ್ಡು ಕಾಣುತ್ತದೆ. ಮುಂದೆ ಗೋಡೆಗೆ ಒರಗಿಸಿಟ್ಟ ಕಬ್ಬಿಣದ ನವಿಲು, ಕಬ್ಬಿಣದ ಬಸವಣ್ಣ, ಯಾರೋ ಮಾಡಲು ಹೇಳಿ ಹೋಗಿ ಮತ್ತೆ ತಲೆ ಹಾಕದೇ ಉಳಿದ ಒಂದು ಕಬ್ಬಿಣದ ಗರುಡ. ಒಳಗಿನಿಂದ ಆಗಾಗ ನೀಲಿ ಬೆಳಕು ಚಿಮ್ಮುತ್ತಿರುತ್ತದೆ. ಅದು ತೀರ್ಥೇಶನ ಅಂಗಡಿ. ಮೂವತ್ತೈದು ದಾಟಿದ ಆಸಾಮಿ. ಒಳ್ಳೆಯ ಕೆಲಸಗಾರ, ಸ್ವಲ್ಪ ಬಾಯಿಬಡುಕ, ಕಷ್ಟ ಅಂತ ಬಂದವರನ್ನು ಬರಿಗೈಲಿ ಕಳಿಸುವವನಲ್ಲ. ಮನುಷ್ಯ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದನ್ನು ಕೇಳುತ್ತಾ ಕೇಳುತ್ತಾ ನಿಮಗೆ ಹಾಗೆ ಅನ್ನಿಸದೇ ಹೋಗಬಹುದು.

ಮೊದಲು ಅವನೂ ಎಲ್ಲರಂತೆ ಗೇಟು, ಕಿಟಕಿ ಸರಳು, ಟ್ರಾಲಿ ರಿಪೇರಿ ಮಾಡಿಕೊಂಡಿದ್ದ. ಚಾಕ್‌ಪೀಸಿನಲ್ಲಿ ತಗಡಿನ ಮೇಲೆ ಗೀಚಿ, ಗ್ಯಾಸಿನ ಉರಿ ಹಿಡಿದು ಕೈಯಲ್ಲೇ ಕೊಯ್ಯುತ್ತಿದ್ದ. ಅವನು ಕೊಯ್ದ ನವಿಲನ್ನು ಕೆಲವರು ಕೋಳಿ ಅಂದದ್ದೂ ಉಂಟು. ಆಮೇಲೆ ಮೊಬೈಲಿನಲ್ಲಿ ಎಲ್ಲೆಲ್ಲಿಯದೋ ವಿಡಿಯೋ ನೋಡಿ ನೋಡಿ ತಲೆಗೆ ಹುಳ ಬಿಟ್ಟುಕೊಂಡ. ಎರಡು ವರ್ಷ ಅದೇ ಜಪ. ಕೊನೆಗೊಂದು ದಿನ ಸಿಎನ್‌ಸಿ ಪ್ಲಾಸ್ಮಾ ಅನ್ನುವ ಮಿಷನ್ನು ಲಾರಿಯಲ್ಲಿ ಬಂದೇಬಿಟ್ಟಿತು. ಮಂಚದಷ್ಟು ದೊಡ್ಡ ಮೇಜು, ಅದರ ಕೆಳಗೆ ನೀರಿನ ತೊಟ್ಟಿ, ಮೇಲೆ ಹಳಿಯ ಮೇಲೆ ಓಡಾಡುವ ಒಂದು ಮೂತಿ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಗುಂಡಿ ಒತ್ತಿದರೆ ಸಾಕು, ಆ ಮೂತಿಯಿಂದ ನೀಲಿ ಉರಿಯ ಎಳೆ ಹೊರಟು ಚಿತ್ರದ ಗೆರೆ ಹಿಡಿದು ತಗಡನ್ನು ಕೊಯ್ಯುತ್ತಾ ಹೋಗುತ್ತದೆ. ಊರವರು ಮೊದಲು ನಕ್ಕರು. ಟೀವಿ ನೋಡ್ತಾ ಕಬ್ಬಿಣ ಕೊಯ್ಯೋನು ಅಂದರು. ಆಮೇಲೆ ತಮ್ಮ ತಮ್ಮ ಮನೆಯ ಹೆಸರು ಕೊಯ್ಯಿಸಿಕೊಳ್ಳಲು ಸಾಲುಗಟ್ಟಿದರು.

ನಗದೇ ಇದ್ದವರು ಒಬ್ಬರೇ, ಅವನ ತಾಯಿಯ ಅಣ್ಣ ಶೇಷಪ್ಪ. ಮಿಷನ್ನು ಬಂದ ದಿನ ಶೇಷಪ್ಪ ಕ್ಯಾಸನೂರಿನ ದಾರಿಯಲ್ಲಿರುವ ತಮ್ಮ ಹಳ್ಳಿಯಿಂದ ಬಸ್ಸು ಹತ್ತಿ ಬಂದು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಅದರ ಮುಂದೆ ಸಂಜೆಯವರೆಗೂ ಕೂತಿದ್ದರು. ಹೋಗುವಾಗ ಅಳಿಯನ ಬೆನ್ನು ತಟ್ಟಿ, "ನಮ್ಮ ಕುಲದಲ್ಲಿ ಇಂಥದ್ದು ಯಾರೂ ಮಾಡಿರ್ಲಿಲ್ಲ ಮಾರಾಯ" ಅಂದಿದ್ದರು. ಹೊಗಳಿಕೆ ಅವರ ಬಾಯಲ್ಲಿ ಬಲು ದುಬಾರಿ. ತೀರ್ಥೇಶ ಆ ಮಾತನ್ನು ಮನೆಯಲ್ಲಿ ಹೆಂಡತಿ ದಿವ್ಯಳಿಗೆ ಎಷ್ಟು ಸಲ ಹೇಳಿದನೆಂದರೆ, ಕೊನೆಗೆ ಅವಳೇ ಅವನಿಗಿಂತ ಮೊದಲು ಅದನ್ನು ಹೇಳಿ ಮುಗಿಸುತ್ತಿದ್ದಳು.

ಆ ಮಿಷನ್ನಿಗೆ ಒಂದೇ ಒಂದು ಕೆಟ್ಟ ಗುಣ. ಕೊಯ್ದ ತಗಡನ್ನು ಮೇಲಿನಿಂದ ನೋಡಿದರೆ ಬೆಣ್ಣೆ ಕೊಯ್ದಂತೆ ಕಾಣುತ್ತದೆ. ಮಗುಚಿ ನೋಡಿದರೆ ಅಂಚಿನುದ್ದಕ್ಕೂ ಕರಗಿದ ಕಬ್ಬಿಣ ಹೆಪ್ಪುಗಟ್ಟಿ ಮುಳ್ಳುಮುಳ್ಳಾಗಿ ನಿಂತಿರುತ್ತದೆ. ಅದಕ್ಕೆ ಕಿಟ್ಟ ಅನ್ನುತ್ತಾರೆ. ಸುತ್ತಿಗೆಯಲ್ಲಿ ಬಡಿದು ಉದುರಿಸಬೇಕು, ಗ್ರೈಂಡರ್ ಹಿಡಿಯಬೇಕು, ಕೊನೆಗೆ ಕೈಯಿಂದ ಅರ ಹಾಕಿ ನುಣುಪು ಮಾಡಬೇಕು. ಹೆಬ್ಬೆರಳು ಎಳೆದರೆ ಎಲ್ಲೂ ತಡೆಯಬಾರದು, ಆಗಲೇ ಕೆಲಸ ಮುಗಿಯಿತು ಅಂತ. ಈ ಪಾಠವನ್ನು ತೀರ್ಥೇಶ ಅಂಗಡಿಗೆ ಬಂದವರಿಗೆಲ್ಲ ಕೇಳದಿದ್ದರೂ ಹೇಳುತ್ತಿದ್ದ.

ಈ ಸೀಮೆಯಲ್ಲಿ ದೀಪಾವಳಿ ಅಂದರೆ ಪಟಾಕಿಯಲ್ಲ, ಹೋರಿ. ಪಾಡ್ಯದ ದಿನ ಹೋರಿಯನ್ನು ಸಿಂಗರಿಸಿ, ಕೊರಳಿಗೆ ಕೊಬ್ಬರಿಯ ಸರ ಕಟ್ಟಿ, ಕೊಂಬಿಗೆ ಬಲೂನು ಬಣ್ಣದ ಕಾಗದ ಏರಿಸಿ ಅಖಾಡಕ್ಕೆ ಬಿಡುತ್ತಾರೆ. ಎರಡೂ ಕಡೆ ಜನ. ನಡುವೆ ಎದೆಗಾರಿಕೆಯ ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೇ ಕೊಬ್ಬರಿ ಸಮೇತ ಆಚೆ ತುದಿ ಮುಟ್ಟಿದ ಹೋರಿಯೇ ಹೋರಿ. ಅದರ ಹೆಸರು ಮೈಕಿನಲ್ಲಿ ಮೊಳಗುತ್ತದೆ, ಅಭಿಮಾನಿಗಳು ಅದರ ಹೆಸರಿನ ಟೀಶರ್ಟು ಹಾಕುತ್ತಾರೆ. ಕೆಲವು ಮನುಷ್ಯರಿಗಿಂತ ಅವಕ್ಕೇ ಮರ್ಯಾದೆ ಜಾಸ್ತಿ.

ಶೇಷಪ್ಪನವರ ಹೋರಿಗೆ ಕೆಂಚ ಅಂತ ಹೆಸರು. ಅಖಾಡದಲ್ಲಿ ಕೆರೆಮನೆ ಕೆಂಚ. ಹುಟ್ಟಿದ ಮೂರನೆಯ ದಿನಕ್ಕೆ ತಾಯಿಯನ್ನು ಕಳೆದುಕೊಂಡ ಕರು ಅದು. ಶೇಷಪ್ಪನವರ ಹೆಂಡತಿ ಹೂವಮ್ಮ ಸೀಸೆಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಹಳೇ ಸೀರೆ ಹೊದಿಸಿ ಉಳಿಸಿಕೊಂಡಿದ್ದಳು. ಬೆಳೆದು ಗುಡ್ಡದಂತಾದ ಮೇಲೂ ಅವಳ ದನಿ ಕೇಳಿದರೆ ಕೊರಳು ಚಾಚುತ್ತಿತ್ತು. ಅಖಾಡಕ್ಕೆ ಹೋಗುವಾಗ ಕೊಬ್ಬರಿ ಕಟ್ಟುವುದು ಅವಳೇ. ಬೇರೆಯವರು ಕೊರಳಿಗೆ ಕೈ ಹಾಕಿದರೆ ಕೆಂಚ ಸಹಿಸುತ್ತಿರಲಿಲ್ಲ. ಅದರ ಕೊಬ್ಬರಿಯನ್ನು ಅಲ್ಲಿಯವರೆಗೆ ಯಾರೂ ಹರಿದಿರಲಿಲ್ಲ. ಶೇಷಪ್ಪನವರು ಮಾತು ಕಡಿಮೆ ಆಡುವ ಮನುಷ್ಯ. ಅವರ ಪರವಾಗಿ ಊರಲ್ಲಿ ಮಾತಾಡುತ್ತಿದ್ದದ್ದು ಆ ಹೋರಿ.

ಹೆಸರಿನ ಬೋರ್ಡಿನ ಯೋಚನೆ ಹುಟ್ಟಿದ್ದು ತೀರ್ಥೇಶನ ತಲೆಯಲ್ಲೇ. ಎಲ್ಲರೂ ಬಿದಿರಿನ ದಬ್ಬೆಗೆ ಥರ್ಮೋಕೋಲು ಅಂಟಿಸಿ ಹೋರಿಯ ಹೆಸರು ಬರೆಯುತ್ತಿದ್ದರು. ತೆಳು ತಗಡಿನಲ್ಲಿ ಕಮಾನು ಕೊಯ್ದು, ಅದರಲ್ಲಿ ಹೆಸರು ಕೊರೆದು, ಎರಡು ಬಳೆ ಬೆಸೆದು ಕೊಂಬಿಗೆ ಏರಿಸಿದರೆ ಹೇಗಿರುತ್ತದೆ? ಬಿಸಿಲಿಗೆ ಹೊಳೆಯುತ್ತದೆ. ಜನ ಕೇಳುತ್ತಾರೆ, ಯಾರು ಮಾಡಿದ್ದು ಅಂತ. ಸೊರಬ ಶಿಕಾರಿಪುರ ಎರಡೂ ತಾಲೂಕಿನ ಹೋರಿಗಳು ಕಣ್ಣೆದುರು ಸಾಲಾಗಿ ನಿಂತವು. ಮಾವನಿಗೆ ಹೇಳಿದಾಗ ಅವರು ಗದ್ದ ತುರಿಸಿಕೊಂಡರು.

"ಭಾರ ಆಗಲ್ಲ ಅಲ್ದನೋ?"

"ಎಂತ ಭಾರ ಮಾವ, ಹಪ್ಪಳದಂಗೆ ಇರ್ತದೆ."

"ಚುಚ್ಚಲ್ಲ ತಾನೆ? ನೆತ್ತಿ ಮೇಲೆ ಕೂರೋದು ಅದು."

"ನನ್ ಕೆಲಸದಲ್ಲಿ ಚುಚ್ಚೋದುಂಟಾ? ಹೂವು ಇಟ್ಟಂಗೆ ಇರ್ತದೆ ನೋಡಿ ಬೇಕಾರೆ."

ಹಬ್ಬದ ಗಡಿಬಿಡಿ ಗೊತ್ತೇ ಇದೆಯಲ್ಲ. ಅಮಾವಾಸ್ಯೆಯ ದಿನ ಬೆಳಗಿನಿಂದ ಕರೆಂಟು ಕಣ್ಣಾಮುಚ್ಚಾಲೆ ಆಡಿತು. ಮಿಷನ್ನು ಅರ್ಧ ಗೆರೆ ಕೊಯ್ಯುವುದು, ನಿಲ್ಲುವುದು. ಎರಡು ತಗಡು ಹಾಳಾದವು. ಮೂರನೆಯದು ಸರಿಯಾಗಿ ಕೊಯ್ದು ಕೆಳಗಿಳಿಯುವ ಹೊತ್ತಿಗೆ ಸೂರ್ಯ ಮುಳುಗುತ್ತಿದ್ದ. ದಿವ್ಯ ಮಡಿಯುಟ್ಟು, ಆರತಿ ತಟ್ಟೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅಂದು ಸಂಜೆ ಅಂಗಡಿ ಪೂಜೆ. ಕಂಪ್ರೆಸರು, ಗ್ರೈಂಡರು, ಸುತ್ತಿಗೆ, ಅರ ಎಲ್ಲವನ್ನೂ ಒರೆಸಿ ಸಾಲಾಗಿಟ್ಟು ಅರಿಶಿನ ಕುಂಕುಮ ಹಚ್ಚಿ ಚೆಂಡು ಹೂವು ಏರಿಸಿಯಾಗಿತ್ತು. ಬಳೆ ಎರಡನ್ನೂ ಅವಸರದಲ್ಲಿ ಬೆಸೆದು ತೀರ್ಥೇಶ ಕೈ ತೊಳೆದು, ಮಿಷನ್ನಿಗೂ ವೆಲ್ಡಿಂಗ್ ಸೆಟ್ಟಿಗೂ ಹೂವು ಏರಿಸಿದ. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದರು.

ಪೂಜೆಯಾದ ಮೇಲೆ ಸಾಮಾನು ಮುಟ್ಟುವ ಹಾಗಿಲ್ಲ. ಒಂದು ದಿನ ಅವಕ್ಕೂ ವಿಶ್ರಾಂತಿ. ಇದು ಅವನ ಅಪ್ಪನ ಕುಡುಗೋಲು ನೇಗಿಲಿನ ಕಾಲದಿಂದ ಬಂದ ರೂಢಿ. ತೀರ್ಥೇಶ ಬೋರ್ಡನ್ನು ಮಗುಚಿ ಕೆಳಗಿನ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಚುಚ್ಚಿತು. ಗ್ರೈಂಡರಿನ ಕಡೆ ನೋಡಿದ, ಅದರ ತಲೆಯ ಮೇಲೆ ಹೂವು. ಅರದ ಕಡೆ ನೋಡಿದ, ಅದರ ಮೈಮೇಲೆ ಕುಂಕುಮ. ಪಕ್ಕದಲ್ಲಿ ದೀಪ. ದೇವರಿಗೆ ಹೆದರಿದನೋ ಹೆಂಡತಿಗೆ ಹೆದರಿದನೋ ಅವನಿಗೇ ಗೊತ್ತಿರಲಿಲ್ಲ. ಕೊನೆಗೆ ಕೆಂಪು ಬಟ್ಟೆಯ ಪಟ್ಟಿ ತಂದು ಅಂಚಿನುದ್ದಕ್ಕೂ ಸುತ್ತಿ ಗಂಟು ಹಾಕಿದ. ನೋಡಲು ಇನ್ನೂ ಚೆಂದವಾಯಿತು. ಒಂದು ಓಟಕ್ಕೆ ಇಷ್ಟು ಸಾಕು ಅಂದುಕೊಂಡ.

ಮರುದಿನ ಅಖಾಡದಲ್ಲಿ ಕೆಂಚ ಬಂದು ನಿಂತಾಗ ಜನ ಹೋ ಅಂದರು. ಬಿಸಿಲಿಗೆ ಬೋರ್ಡು ಥಳಥಳ ಹೊಳೆಯುತ್ತಿತ್ತು. ಮೈಕಿನವನು ಹೋರಿಯ ಹೆಸರಿನ ಜೊತೆಗೆ ತೀರ್ಥೇಶನ ಅಂಗಡಿಯ ಹೆಸರನ್ನೂ ಕೂಗಿದ. ತೀರ್ಥೇಶ ಬೇಲಿಯ ಮೇಲೆ ಹತ್ತಿ ಸ್ಟೇಟಸ್ಸಿಗೆ ಹಾಕಲು ವಿಡಿಯೋ ಮಾಡುತ್ತಿದ್ದ. ಹಗ್ಗ ಬಿಟ್ಟರು, ಕೆಂಚ ಚಿಮ್ಮಿತು. ಬೋರ್ಡು ಕೊಂಬುಗಳ ನಡುವೆ ಕುಣಿಯಿತು. ಅರ್ಧ ದಾರಿಯಲ್ಲಿ ಹೋರಿ ಒಮ್ಮೆ ತಲೆ ಕೊಡವಿತು. ಮತ್ತೊಮ್ಮೆ ಕೊಡವಿತು. ಆಮೇಲೆ ನಡು ಅಖಾಡದಲ್ಲಿ ನಿಂತೇಬಿಟ್ಟಿತು. ತಲೆಯನ್ನು ನೆಲಕ್ಕೆ ಒತ್ತಿ, ಕಾಲು ಕೆರೆಯದೇ, ಯಾರ ಮೇಲೂ ಏರಿ ಹೋಗದೇ, ಸುಮ್ಮನೆ ನಡುಗುತ್ತಾ ನಿಂತಿತು. ಹುಡುಗರಿಗೆ ಮೊದಲು ನಂಬಿಕೆಯಾಗಲಿಲ್ಲ. ನಂಬಿಕೆಯಾದ ಮೇಲೆ ಕೇಳಬೇಕೇ? ಕೊರಳಲ್ಲಿದ್ದ ಮೂರೂ ಸರದ ಕೊಬ್ಬರಿ ಹರಿದರು. ಒಬ್ಬ ಅದರ ಬೆನ್ನ ಮೇಲೆ ಕೂತು ಫೋಟೋ ತೆಗೆಸಿಕೊಂಡ. ಜನ ಶಿಳ್ಳೆ ಹಾಕಿ ನಕ್ಕರು.

ಆಗ ಶೇಷಪ್ಪನವರು ಅಖಾಡಕ್ಕೆ ಇಳಿದರು. ಜೀವಮಾನದಲ್ಲಿ ಆ ಹೋರಿಯ ಮೈಮೇಲೆ ಕೈ ಎತ್ತದವರು ಹಗ್ಗವನ್ನು ಎರಡು ಮಡಿಕೆ ಮಾಡಿ ಅಷ್ಟೂ ಜನರೆದುರು ಬಾರಿಸಿದರು. ಕೆಂಚ ತಪ್ಪಿಸಿಕೊಳ್ಳಲಿಲ್ಲ. ಹೊಡೆದ ಕೈಯೇ ನಿಂತಿತು.

ಬೋರ್ಡು ಬಿಚ್ಚಿದ್ದು ತೀರ್ಥೇಶ. ಬಟ್ಟೆ ಜಾರಿ ಒಂದು ಮೂಲೆಗೆ ಮುದುಡಿಕೊಂಡಿತ್ತು. ಕೆಳಗಿನ ಅಂಚಿನ ಕಿಟ್ಟಕ್ಕೆ ರಕ್ತ, ಕೂದಲು ಹತ್ತಿತ್ತು. ಕೆಂಚನ ಕೊಂಬಿನ ಬುಡದಲ್ಲಿ ಚರ್ಮ ಕಿತ್ತು ಬಂದಿತ್ತು. ಮರುಕ್ಷಣ ಅವನು ಮಾಡಿದ್ದೇನು ಅಂದರೆ, ಬೋರ್ಡನ್ನು ಗೋಣಿಚೀಲದಲ್ಲಿ ಸುತ್ತಿ ತನ್ನ ಗಾಡಿಯಲ್ಲಿ ಸೀಟಿನ ಹಿಂದೆ ತುರುಕಿದ. ಯೋಚನೆ ಮಾಡಿ ಮಾಡಿದ್ದಲ್ಲ. ಕೈಗಳು ತಾವಾಗಿಯೇ ಮಾಡಿದವು. ಆಮೇಲೆ ಎಷ್ಟೋ ದಿನ ಅವನು ತನ್ನ ಕೈಗಳನ್ನೇ ನೋಡಿಕೊಂಡ, ಇಷ್ಟು ಚುರುಕಾಗಿ ಇವು ಯಾವತ್ತು ಕಳ್ಳತನ ಕಲಿತವು ಅಂತ.

ಆಗಲೇ ಹೇಳಿಬಿಟ್ಟಿದ್ದರೆ ಮಾವನಿಂದ ಎರಡು ಬೈಗುಳ ತಿಂದು ಮುಗಿಯುತ್ತಿತ್ತು. ಆದರೆ ಮನೆಗೆ ಬಂದ ಮೇಲೆ ಗಾಯ ನೋಡಿದ ಶೇಷಪ್ಪನವರು ನೇರ ಹೂವಮ್ಮನ ಕಡೆ ತಿರುಗಿದರು. ಕೊಬ್ಬರಿ ಸರ ಜಾರಬಾರದು ಅಂತ ಆಕೆ ಈ ಸಲ ಒಂದು ಎಳೆ ತೆಳು ತಂತಿಯನ್ನು ಕೊಂಬಿನ ಬುಡಕ್ಕೆ ಸುತ್ತಿ ಕಟ್ಟಿದ್ದಳು.

"ತಂತಿ ಹಾಕ್ಬೇಡ ಅಂದಿದ್ನೋ ಇಲ್ವೋ? ನೋಡು, ಮಾಂಸಕ್ಕೆ ಇಳಿದದೆ. ಸಾಕಿದ ಕೈಯಲ್ಲೇ ಕೆಡಿಸಿದ್ಯಲ್ಲೇ!"

ಹೂವಮ್ಮ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು. ಆಕೆ ತಿರುಗಿ ಮಾತಾಡುವ ಹೆಂಗಸು. ಆವತ್ತು ಆಡಲಿಲ್ಲ. ಗಾಯಕ್ಕೆ ಅರಿಶಿನ ಹಚ್ಚಲು ಹೋದಾಗ ಕೆಂಚ ಕಣ್ಣು ಬಿಳಿ ಮಾಡಿ ಹಿಂದೆ ಸರಿಯಿತು. ಆಕೆ ಬಟ್ಟಲನ್ನು ಅಲ್ಲೇ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ತೀರ್ಥೇಶ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಅದರ ಮೇಲೆ ಕಾಫಿ ಕುಡಿದ.

ಇಷ್ಟಾದ ಮೇಲೆ ಅವನ ಅಂಗಡಿಗೆ ಕೆಲಸ ಕಡಿಮೆಯಾಗಬೇಕಿತ್ತು. ಲೋಕದ ನ್ಯಾಯ ಹಾಗಿಲ್ಲವಲ್ಲ. ಕೆಂಚ ಓಡಲು ನಿಂತಾಗ ಹೊಳೆದ ಬೋರ್ಡಿನ ವಿಡಿಯೋ ಯಾರ್ಯಾರ ಮೊಬೈಲಿಗೋ ಹಬ್ಬಿ, ಹೋರಿ ಇಟ್ಟವರೆಲ್ಲ ಅವನ ಶೆಡ್ಡಿಗೆ ಬರತೊಡಗಿದರು. ಹೋರಿ ಕೈಕೊಟ್ಟರೇನು, ಬೋರ್ಡು ಸೂಪರ್ ಅಂದರು. ತೀರ್ಥೇಶ ಒಂದೊಂದು ಬೋರ್ಡಿನ ಅಂಚನ್ನೂ ತಿಕ್ಕಿ ತಿಕ್ಕಿ ಸವೆಸಿದ. ಅಂಚನ್ನು ಒಳಕ್ಕೆ ಮಡಚಿ, ಮೇಲೆ ಟ್ಯೂಬಿನ ರಬ್ಬರು ಹೊದಿಸಿದ. ಬಂದವರು ಏನು ಜೋಪಾನ ಮಾರಾಯ ನಿನ್ನದು ಅಂತ ಹೊಗಳಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾವನ ಮನೆಯ ಕಡೆ ಹೋಗುವುದನ್ನು ಬಿಟ್ಟ. ಫೋನು ಬಂದರೆ ಮಿಷನ್ನು ಓಡುತ್ತಿದೆ, ಕೇಳಿಸುತ್ತಿಲ್ಲ ಅನ್ನುತ್ತಿದ್ದ. ಮಿಷನ್ನು ನಿಂತಿದ್ದಾಗಲೂ ಹಾಗೇ ಅನ್ನುತ್ತಿದ್ದ.

ಸುಗ್ಗಿ ಮುಗಿಯುವ ಹೊತ್ತಿಗೆ ಶಿಕಾರಿಪುರದ ಕೊಟ್ರೇಶ್ ಅವರ ಮನೆಗೆ ಗೇಟು ಕೂರಿಸಲು ಹೋದ. ಕೊಟ್ರೇಶ್ ಭತ್ತ ಮೆಕ್ಕೆಜೋಳದ ವ್ಯಾಪಾರದವರು, ದನ ಕಟ್ಟಿದವರು, ಹೊಟ್ಟೆಯಲ್ಲಿ ಒಂದು ಬಾಯಲ್ಲಿ ಒಂದು ಇಟ್ಟುಕೊಳ್ಳುವ ಜನವಲ್ಲ. ಗೇಟಿಗೆ ಕೊನೆಯ ನಟ್ಟು ಬಿಗಿಯುತ್ತಿದ್ದಾಗ ಪಕ್ಕಕ್ಕೆ ಬಂದು ನಿಂತರು.

"ನಿಮ್ಮ ಮಾವಾರ ಹೋರಿ ನಾನೇ ತಗೊಂಡೇನ್ರಿ. ಗುರುವಾರ ಗಾಡಿ ತರ್ತೀನಿ ಅಂದೇನಿ."

ತೀರ್ಥೇಶ ಪಾನಾ ಕೆಳಗಿಟ್ಟು ತಿರುಗಿದ. "ಕೆಂಚನ್ನಾ?"

"ಹೌದ್ರಿ. ಮಾವಾರು ಅದರ ಮುಖ ನೋಡಂಗಿಲ್ಲ ಅಂತಾರ. ಅಮ್ಮಾರಂತೂ ಕೊಟ್ಟಿಗಿಗೇ ಹೋಗಂಗಿಲ್ಲಂತ. ಮೇವು ಹಾಕಾಕ ಆಳು ಇಟ್ಟಾರ." ಕೊಟ್ರೇಶ್ ದನಿ ತಗ್ಗಿಸಿದರು. "ನೀವು ಅವ್ರ ಮನೀ ಮಂದಿ. ಖರೇ ಹೇಳ್ರಿ. ಆ ಹೋರಿ ತಲಿ ಹತ್ರ ಕೈ ಒಯ್ದ್ರ ಸಾಕು, ಹಿಂದಕ್ಕ ಹಾರ್ತದ. ಮೊದ್ಲಿಂದ ಹಂಗ ಐತೋ, ಏನಾರ ಆಗೈತೋ? ಏನಾರ ಆಗಿದ್ರ ಹೇಳ್ರಿ. ವಾಸಿ ಮಾಡಿ ಅಖಾಡಕ್ಕ ಬಿಡ್ತೀನಿ. ಹುಟ್ಟುಗುಣ ಆದ್ರ ಮಾತ್ರ ಉಪಯೋಗಿಲ್ಲ. ಬೀಜ ಒಡೆಸಿ ಗಾಡಿಗೆ ಹೂಡೋದ ಚಲೋ."

ಇಷ್ಟು ಬಿಡಿಸಿ ಯಾರೂ ಅವನನ್ನು ಕೇಳಿರಲಿಲ್ಲ. ದಾರಿ ತೆಗೆದುಕೊಟ್ಟು ನಡಿಯಪ್ಪ ಅಂದಹಾಗಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಗೇಟಿನ ಕಡೆ ಕಣ್ಣು ಹೋಯಿತು. ತಾನೇ ಕೊಯ್ದ ಬಳ್ಳಿ, ತಾನೇ ಕೊಯ್ದ ಹಂಸ, ಅದನ್ನು ಮೆಚ್ಚಿ ನೋಡುತ್ತಾ ನಿಂತ ಅಕ್ಕಪಕ್ಕದ ಮನೆಯವರು.

"ಮೊದ್ಲಿಂದ್ಲೂ ಸ್ವಲ್ಪ ಬೆದರು ಸ್ವಭಾವ ರೀ ಅದು" ಅಂದ.

"ಹಂಗಾ? ಒಳ್ಳೇದಾತು ಕೇಳಿದ್ದು" ಅಂದರು ಕೊಟ್ರೇಶ್. ಒಳಗೆ ಹೋಗಿ ಅವನಿಗೆ ಮಜ್ಜಿಗೆ ತಂದುಕೊಟ್ಟರು.

ಸುಮ್ಮನಿರುವುದಕ್ಕೂ ಸುಳ್ಳು ಹೇಳುವುದಕ್ಕೂ ವ್ಯತ್ಯಾಸವಿದೆ ಅಂತ ಅವನು ಅಲ್ಲಿಯವರೆಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದ. ಶಿಕಾರಿಪುರದಿಂದ ಸೊರಬಕ್ಕೆ ಬರುವ ದಾರಿಯಲ್ಲಿ ಆ ಸಮಾಧಾನವೂ ಹೋಯಿತು. ಪ್ರಾಣಿಯ ಗಂಡಸುತನವನ್ನೇ ತೆಗೆಸುವ ಮಾತು ತನ್ನ ಬಾಯಿಂದ ಬಂತಲ್ಲ! ಒಂದು ಕಡೆ ಗಾಡಿ ನಿಲ್ಲಿಸಿ ಮುಖ ತೊಳೆದ. ನಾಚಿಕೆ ಮುಖದಲ್ಲಿ ಇದ್ದರೆ ತಾನೇ ಹೋಗುವುದು.

ಮನೆಗೆ ಬಂದು ದಿವ್ಯಳಿಗೆ ಎಲ್ಲವನ್ನೂ ಹೇಳಿದ. ಹೇಳುವಾಗಲೂ ಹೇಡಿಬುದ್ಧಿ ಬಿಡಲಿಲ್ಲ.

"ನೀನು ಅಷ್ಟು ಬೇಗ ಪೂಜೆ ಮಾಡದೆ ಇದ್ದಿದ್ರೆ ನಾನು ಅರ ಹಾಕೇ ಕೊಡ್ತಿದ್ದೆ ಮಾರಾಯ್ತಿ. ಕುಂಕುಮ ಹಚ್ಚಿದ ಸಾಮಾನು ಹೆಂಗೆ ಮುಟ್ಲಿ?"

ದಿವ್ಯ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ನನ್ನನ್ನ ಒಂದು ಮಾತು ಕೇಳಿದ್ರೇನ್ರೀ ನೀವು? ಕೇಳಿದ್ರೆ ನಾನೇ ಸೆರಗಲ್ಲಿ ಕುಂಕುಮ ಒರೆಸಿ ಅರ ಕೈಗೆ ಕೊಡ್ತಿದ್ದೆ. ಬಾಯಿಲ್ಲದ ಜೀವದ ನೆತ್ತಿಗಿಂತ ನನ್ ಪೂಜೆ ದೊಡ್ದಾ? ಆವತ್ತು ಕೇಳ್ಲಿಲ್ಲ, ಸರಿ, ತಪ್ಪಾಯ್ತು. ಆಮೇಲೆ ಹೂವಮ್ಮತ್ತೆ ಬೈಸಿಕೊಳ್ಳೋವಾಗ ಕೂತ್ಕಂಡು ಕಾಫಿ ಕುಡಿದ್ರಲ್ಲ, ಅದಕ್ಕೆ ಯಾವ ಪೂಜೆ ಅಡ್ಡ ಬಂದಿತ್ತು?"

ತಪ್ಪನ್ನು ದೇವರ ತಲೆಗೆ ಕಟ್ಟಲು ನೋಡಿದ್ದ, ಹೆಂಡತಿ ಬಿಡಿಸಿ ಅವನ ತಲೆಗೇ ಕಟ್ಟಿದಳು.

ಗುರುವಾರ ಬೆಳಿಗ್ಗೆ ಬೈಕು ಹತ್ತಿ ಮಾವನ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮಾವನನ್ನು ತೋಟದ ಕಡೆ ಕರೆದುಕೊಂಡು ಹೋಗಿ, ಒಬ್ಬರನ್ನೇ ಕೂರಿಸಿಕೊಂಡು, ನಿಧಾನಕ್ಕೆ ಹೇಳಬೇಕು. ಹೋಗಿ ನೋಡಿದರೆ ಅಂಗಳದಲ್ಲಿ ಕೊಟ್ರೇಶ್ ಅವರ ಪಿಕಪ್ ಗಾಡಿ ಬಂದು ನಿಂತಿತ್ತು. ಹಿಂಬಾಗಿಲು ಇಳಿಸಿ ಹಲಗೆ ಹಾಕಿದ್ದರು. ಕೆಂಚನನ್ನು ಕೊಟ್ಟಿಗೆಯಿಂದ ಹೊರಗೆ ತಂದು ಕಟ್ಟಿದ್ದರು. ಅಕ್ಕಪಕ್ಕದವರು ಬೀಳ್ಕೊಡಲು ಬಂದು ಬೇಲಿಯ ಬಳಿ ನಿಂತಿದ್ದರು. ಹೂವಮ್ಮ ಮಾತ್ರ ಕಾಣಲಿಲ್ಲ.

"ಬಂದ್ಯನೋ ತೀರ್ಥ. ಒಳ್ಳೇ ಹೊತ್ತಿಗೇ ಬಂದೆ" ಅಂದರು ಶೇಷಪ್ಪ. "ಹಲಗೆ ಹಿಡ್ಕಾ, ಬಾ."

ಮಾವ ಆ ಕಡೆ ಹಿಡಿದಿದ್ದರು, ಅವನು ಈ ಕಡೆ ಹಿಡಿದ. ಕೊಟ್ರೇಶ್ ಹಗ್ಗ ಎಳೆದರು. ಕೆಂಚ ಒಂದು ಕಾಲನ್ನು ಹಲಗೆಯ ಮೇಲಿಟ್ಟಿತು. ಇನ್ನು ಏಕಾಂತ ಹುಡುಕುತ್ತಾ ಕೂತರೆ ಹೋರಿ ಶಿಕಾರಿಪುರ ಸೇರಿರುತ್ತದೆ.

"ಮಾವ, ನಿಲ್ಸಿ" ಅಂದ. "ಹೋರಿದು ತಪ್ಪಿಲ್ಲ. ತಂತಿದೂ ಅಲ್ಲ. ನನ್ ಬೋರ್ಡು. ನಾನು ಅರ ಹಾಕಿರ್ಲಿಲ್ಲ. ಕಿಟ್ಟ ಹಾಗೇ ಇತ್ತು, ಬಟ್ಟೆ ಸುತ್ತಿ ಕೊಟ್ಟೆ. ರಕ್ತ ಹತ್ತಿದ್ದು ನೋಡಿದ್ದೆ ನಾನು. ಬಚ್ಚಿಟ್ಟೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಕೊಟ್ರೇಶಣ್ಣಾರೆ, ನಿಮಗೆ ಹೇಳಿದ್ದೂ ಸುಳ್ಳು. ಅದು ಬೆದರೋ ಜಾತಿ ಅಲ್ಲ."

ಕೊಟ್ರೇಶ್ ಹಗ್ಗ ಸಡಿಲ ಬಿಟ್ಟರು, ಕೆಂಚ ಕಾಲನ್ನು ಹಿಂದಕ್ಕೆ ತೆಗೆದುಕೊಂಡಿತು. ಶೇಷಪ್ಪನವರು ಹಲಗೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು.

"ನಾನು ಅದಕ್ಕೆ ಹೊಡೆದೆ ಕಣೋ. ಅಷ್ಟು ಜನದ ಎದುರಿಗೆ ಹೊಡೆದೆ. ನೀನು ಅಲ್ಲೇ ಇದ್ದೆ."

"ಇದ್ದೆ ಮಾವ."

"ನೋಡ್ತಾ ಇದ್ದೆ."

"ಹೌದು ಮಾವ."

ಬೈಯುತ್ತಾರೆ ಅಂತ ಕಾದ, ಹೊಡೆದರೂ ಹೊಡೆಯಲಿ ಅಂತ ಕಾದ. ಅವರು ಅವನ ಮುಖದ ಮೇಲಿಂದ ಕಣ್ಣು ತೆಗೆದು, "ನಂಗೆ ಹೇಳಿ ಎಂತ ಮಾಡ್ತಿ? ಒಳಗೆ ಒಬ್ಬಳು ಇದಾಳಲ್ಲ, ಅವಳಿಗೆ ಹೇಳು" ಅಂದರು.

ಹೇಳುವ ಅಗತ್ಯ ಬೀಳಲಿಲ್ಲ. ಹೂವಮ್ಮ ಬಾಗಿಲಿಗೆ ಬಂದು ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ದೀಪಾವಳಿಗೆ ನೋಡಿದ ಹೆಂಗಸು ಅಲ್ಲ ಅದು, ಎಷ್ಟೋ ಇಳಿದುಹೋಗಿದ್ದಳು. ತೀರ್ಥೇಶ ಹತ್ತಿರ ಹೋಗಿ, "ಅತ್ತೆ, ನಂದು ತಪ್ಪಾಯ್ತು" ಅಂದ. ಆಕೆ ಅವನನ್ನು ನೋಡಿದಳು. ಸಿಟ್ಟು ಹುಡುಕಿದ ಅವನು. ಸಿಟ್ಟು ಇರಲಿಲ್ಲ.

"ನಿಜ ಹೇಳ್ತಿಯಾ ತೀರ್ಥ?" ಅಂದಳು. "ನನ್ ತಂತಿ ಅಲ್ವಾ? ನನ್ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಹೇಳ್ತಾ ಇಲ್ಲ ಅಲ್ದಾ?"

"ನಿಜ ಅತ್ತೆ. ನಿಮ್ಮ ತಂತಿ ಅಲ್ವೇ ಅಲ್ಲ."

ಹೂವಮ್ಮ ಮೆಟ್ಟಿಲಿಳಿದು ಅಂಗಳಕ್ಕೆ ಬಂದಳು. ಅಷ್ಟು ತಿಂಗಳಿಂದ ಅದರ ಬಳಿಗೆ ಹೋಗದ ಹೆಂಗಸು ನೇರವಾಗಿ ಹೋರಿಯ ಮುಂದೆ ಹೋಗಿ ನಿಂತಳು. ನೆತ್ತಿಯನ್ನು ಮುಟ್ಟಲಿಲ್ಲ. ಎರಡೂ ಕೈ ಚಾಚಿ, ಅದರ ಮೂತಿ ತಾನಾಗಿಯೇ ಬರುವ ತನಕ ಕಾದಳು. ಕೆಂಚ ಒಮ್ಮೆ ಹಿಂದೆ ಸರಿಯಿತು, ಮೂಸಿತು, ಆಮೇಲೆ ಕೊರಳು ಚಾಚಿತು.

"ನಾನಲ್ವಂತೆ ಕಣೋ ಮಗಾ" ಅಂದಳು ಅದಕ್ಕೆ. "ನಾನಲ್ಲ. ಕೇಳಿದ್ಯಾ? ನಾನಲ್ವಂತೆ."

ಹೇಳುತ್ತಾ ಹೇಳುತ್ತಾ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಆಕೆಯ ಬೈಗುಳಕ್ಕೆ, ಶಾಪಕ್ಕೆ ತೀರ್ಥೇಶ ದಾರಿಯುದ್ದಕ್ಕೂ ಎದೆ ಗಟ್ಟಿ ಮಾಡಿಕೊಂಡು ಬಂದಿದ್ದ. ಆಕೆಗೆ ಸಂತೋಷವಾಗುತ್ತದೆ ಅಂತ ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತನ್ನ ಬಳಿ ಇದ್ದ ಒಂದೇ ಒಂದು ಮಾತನ್ನು ಇಷ್ಟು ದಿನ ಈ ಜೀವಕ್ಕೆ ಕೊಡದೇ ಇಟ್ಟುಕೊಂಡಿದ್ದೆನಲ್ಲ ಅಂತ ಅವನಿಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಕೊಟ್ರೇಶ್ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿ, ಖಾಲಿ ಗಾಡಿಯ ಹಿಂಬಾಗಿಲು ಎತ್ತಿ ಕೊಂಡಿ ಹಾಕಿದರು. ಶೇಷಪ್ಪನವರು ಹೆಂಡತಿಯ ಪಕ್ಕಕ್ಕೆ ಹೋಗಿ, ಮುಖ ಕೆಳಗೆ ಹಾಕಿಕೊಂಡು ನಿಂತರು. ಬೇಲಿಯ ಬಳಿ ಇದ್ದವರು ಒಬ್ಬೊಬ್ಬರಾಗಿ ಕರಗಿದರು. ತೀರ್ಥೇಶನನ್ನು ಯಾರೂ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅವನು ಅಂಗಳದ ನಡುವೆ ನಿಂತೇ ಇದ್ದ.